ಗುಳ್ಳಕಾಯಜ್ಜಿಗೆ ಒಬ್ಬ ಸುಖವಂತನ ದೂರು

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ, ಗೊಮ್ಮಟಸ್ವಾಮಿಯ ಎದುರಿಗೆ ಸಾವಿರ ವರ್ಷದಿಂದ ನಿಂತೇ ಇರುವ ಗುಳ್ಳಕಾಯಜ್ಜಿಗೆ, ಬೆಂಗಳೂರಿನ ಹನ್ನೆರಡನೇ ಮಹಡಿಯಿಂದ ಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾನು ಕ್ಷೇಮ. ತೊಂದರೆ ಇರುವುದೇ ಅಲ್ಲಿ.

ಎಂಥ ಕ್ಷೇಮ ಅನ್ನುವುದನ್ನು ಬಿಡಿಸಿ ಹೇಳಿಬಿಡುತ್ತೇನೆ, ಆಮೇಲೆ ನಿನಗೆ ನನ್ನ ಮೇಲೆ ಕನಿಕರ ಹುಟ್ಟಲಿಕ್ಕೆ ಸುಲಭವಾದೀತು. ವಯಸ್ಸು 47. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಡೆಲಿವರಿ ಮ್ಯಾನೇಜರ್. ಏನು ಡೆಲಿವರಿ ಎಂದು ಕೇಳಬೇಡ. ನಿನ್ನ ಬೆಟ್ಟದಿಂದ ಹತ್ತು ಹನ್ನೆರಡು ಮೈಲಿ ದೂರದಲ್ಲಿರುವ ನಮ್ಮ ದೊಡ್ಡಮ್ಮ ಕೇಳಿ ಕೇಳಿ ಸಾಕಾಗಿ, 'ನಮ್ ಹುಡುಗ ಕೊರಿಯರ್ ಆಪೀಸಲ್ಲಿ ದೊಡ್ಡ ಸಾಯೇಬ' ಎಂದು ಊರಿಗೆಲ್ಲ ಹೇಳಿಟ್ಟಿದ್ದಾಳೆ. ಮನೆಯ ಸಾಲ ತೀರಿದೆ. ಮಗಳು ಚೆನ್ನಾಗಿ ಓದುತ್ತಾಳೆ. ಹೆಂಡತಿ ಈಗಲೂ ನನ್ನ ಜೋಕಿಗೆ ನಗುತ್ತಾಳೆ, ಒಮ್ಮೊಮ್ಮೆ ಜೋಕು ಮುಗಿಯುವ ಮೊದಲೇ. ಸಕ್ಕರೆ ಗಡಿಯಲ್ಲಿದೆ, ದಾಟಿಲ್ಲ. ನಮ್ಮ ನಲ್ಲಿಯಲ್ಲಿ ಕಾವೇರಿ ಬರುತ್ತಾಳೆ, ಟ್ಯಾಂಕರ್ ಅಲ್ಲ. ಬೆಂಗಳೂರಿನಲ್ಲಿ ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನದೇನನ್ನು ದೇವರಲ್ಲಿ ಕೇಳಬೇಕೆಂದು ನನಗೆ ಹೊಳೆಯದೆ ಬಹಳ ದಿನವಾಯಿತು.

ಹೊಳೆಯದಿದ್ದರೆ ಸುಮ್ಮನಿರಬೇಕಷ್ಟೆ. ಆದರೆ ಭಾನುವಾರ ಸಂಜೆ ಐದರ ಹೊತ್ತಿಗೆ, ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ಕೂತಾಗ ಎದೆಯೊಳಗೆ ಏನೋ ಗುಳಗುಳ ಅನ್ನುತ್ತದೆ. ಇಷ್ಟೇನಾ? ನಾನು ಹುಟ್ಟಿದ್ದು ಇದಕ್ಕೇನಾ? ನಮ್ಮ ಹಿರಿಯರು ಮೂರು ವೈರಾಗ್ಯ ಹೇಳುತ್ತಿದ್ದರಲ್ಲ, ಪುರಾಣ ವೈರಾಗ್ಯ, ಪ್ರಸವ ವೈರಾಗ್ಯ, ಸ್ಮಶಾನ ವೈರಾಗ್ಯ. ಅವರ ಕಾಲದಲ್ಲಿ ವಾರಾಂತ್ಯ ಇರಲಿಲ್ಲ. ಇದ್ದಿದ್ದರೆ ನಾಲ್ಕನೆಯದನ್ನೂ ಸೇರಿಸುತ್ತಿದ್ದರು. ಭಾನುವಾರದ ವೈರಾಗ್ಯ ಸೋಮವಾರ ಒಂಬತ್ತೂವರೆಯ ಮೀಟಿಂಗಿಗೆ ಸರಿಯಾಗಿ ಇಳಿಯುತ್ತದೆ. ಅದಕ್ಕಿಂತ ಕೊಂಚ ಗಟ್ಟಿಯಾದ ಒಂದು ತಳಿ ಏಪ್ರಿಲ್‌ನಲ್ಲಿ ಬರುತ್ತದೆ, ಬೋನಸ್ ಖಾತೆಗೆ ಬಿದ್ದ ಮರುವಾರ. ನಿನ್ನೆದುರು ನಿಂತಿರುವ ಬಾಹುಬಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರನ್ನೂ ಗೆದ್ದು, ಅಣ್ಣನನ್ನು ಎತ್ತಿ ಹಿಡಿದ ಕೈಯಲ್ಲೇ ರಾಜ್ಯವನ್ನು ಬಿಟ್ಟ. ನಮ್ಮಲ್ಲಿ ಹಾಗೆ ಬಿಡುವವರೂ ಇದ್ದಾರೆ, ಇಲ್ಲವೆನ್ನಲಾರೆ. ಷೇರು ಪೂರ್ತಿ ಕೈಗೆ ಬರುವ ತಾರೀಖು ನೋಡಿಕೊಂಡು ಬಿಡುತ್ತಾರೆ.

ಈ ಗುಳಗುಳಕ್ಕೆ ಊರಿನಲ್ಲಿ ಈಗ ಔಷಧಿಗಳು ಬೇಕಾದಷ್ಟಿವೆ ಅಜ್ಜಿ. ನಾನು ಎಲ್ಲವನ್ನೂ ಕುಡಿದು ನೋಡಿದ್ದೇನೆ. ಮೊದಲಿಗೆ ಬೆಳಗಿನ ಜಾವ ನಾಲ್ಕೂವರೆಗೆ ಏಳುವ ಒಂದು ಬಳಗಕ್ಕೆ ಸೇರಿದೆ. ಆನ್‌ಲೈನ್ ಬಳಗ. ಎದ್ದ ಕೂಡಲೇ 'ಎದ್ದೆ' ಎಂದು ಗ್ರೂಪಿಗೆ ಹಾಕಬೇಕು. ಮೂರು ತಿಂಗಳಿಗೆ ಆರು ಸಾವಿರ ರೂಪಾಯಿ. ಎದ್ದು ಏನು ಮಾಡಬೇಕು ಎಂಬುದು ಆರು ಸಾವಿರದಲ್ಲಿ ಸೇರಿರಲಿಲ್ಲವಾದ್ದರಿಂದ ನಾನು ಎದ್ದವರ ಪಟ್ಟಿಯನ್ನು ಓದುತ್ತಾ ಕೂತಿರುತ್ತಿದ್ದೆ. ಆಮೇಲೆ ತಣ್ಣೀರ ಸ್ನಾನ, ಅದರ ಮೇಲೆ ಮಂಜುಗಡ್ಡೆಯ ತೊಟ್ಟಿಯಲ್ಲಿ ಮೂರು ನಿಮಿಷ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, 'ಇರಲಾರದೆ ಇರುವೆ ಬಿಟ್ಕೊಂಡ್ರಂತೆ' ಎಂದಷ್ಟೇ ಹೇಳಿ ಒಳಗೆ ಹೋದಳು. ಇಕಿಗಾಯ್ ಎಂಬ ಜಪಾನೀ ಹೆಸರಿನ ಪುಸ್ತಕ ಓದಿದೆ. ಬದುಕುವುದಕ್ಕೆ ಒಂದು ಕಾರಣ ಹುಡುಕಿಕೋ ಎನ್ನುವ ಪುಸ್ತಕ. ಅರ್ಧ ಓದಿದ ಮೇಲೆ ಅದನ್ನು ಎಲ್ಲಿಟ್ಟೆನೆಂದು ಹುಡುಕುವುದೇ ಒಂದು ಕಾರಣವಾಯಿತು.

ಹತ್ತು ದಿನದ ಮೌನ ಶಿಬಿರಕ್ಕೂ ಹೋಗಿದ್ದೆ. ಅದರ ಬಗ್ಗೆ ಹಗುರವಾಗಿ ಮಾತಾಡಲಾರೆ, ಯಾಕೆಂದರೆ ಅಲ್ಲಿ ಕೊರತೆಯಿದ್ದದ್ದು ನನ್ನದು. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಫೋನು, ಪುಸ್ತಕ, ಪೆನ್ನು ಎಲ್ಲವನ್ನೂ ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ದುಡ್ಡು ಕೇಳುವುದಿಲ್ಲ. ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬಂದು ಹೋಗುವುದನ್ನು ನೋಡುತ್ತಾ ಕೂರುವುದೊಂದೇ ಕೆಲಸ. ನಾನು ನೋಡಿದೆ. ಒಂದನೇ ದಿನ ಸಂಜೆಯ ಹೊತ್ತಿಗೆ 'ಮೌನ ನನಗೆ ಕಲಿಸಿದ ಏಳು ನಾಯಕತ್ವದ ಪಾಠಗಳು' ಎಂಬ ಪೋಸ್ಟಿನ ಮೊದಲ ಪ್ಯಾರಾ ತಲೆಯೊಳಗೆ ತಯಾರಾಗಿತ್ತು. ಐದನೇ ದಿನ ಏಳು ಪಾಠವೂ ಸಿದ್ಧ. ಉಳಿದ ಐದು ದಿನ ಮರೆತುಹೋಗದಿರಲಿ ಎಂದು ಅದನ್ನೇ ಜಪಿಸಿದೆ. ಹತ್ತನೇ ದಿನ ಮೌನ ಬಿಡಿಸಿದಾಗ ಪಕ್ಕದ ಕೋಣೆಯವನು ನನ್ನ ಕಡೆ ತಿರುಗಿ, ಎಷ್ಟೋ ಜನ್ಮದ ಬಾಯಾರಿಕೆಯಿಂದ ಕೇಳಿದ ಮೊದಲ ಪ್ರಶ್ನೆ: 'ಯಾವ ಕಂಪನಿ?'

ಆ ಪೋಸ್ಟಿಗೆ 412 ಲೈಕು ಬಂತು. ಇದನ್ನು ನಿನಗೆ ಹೇಳಬೇಕಾಗಿರಲಿಲ್ಲ. ಹೇಳದೆ ಇರಲಾಗಲಿಲ್ಲ.

ಕೊನೆಗೆ ಒಬ್ಬ ಕೋಚನ್ನು ಹಿಡಿದೆ. ಲೈಫ್ ಕೋಚ್ ಅಂದರೆ ನಮ್ಮ ಬದುಕನ್ನು ಗಂಟೆಯ ಲೆಕ್ಕದಲ್ಲಿ ನಮಗೇ ವಿವರಿಸುವವನು. ಆತ ಬಿಳಿ ಬೋರ್ಡಿನ ಮೇಲೆ ಒಂದು ಪಿರಮಿಡ್ ಬರೆದ. ತಳದಲ್ಲಿ ಅನ್ನ, ನೀರು, ನಿದ್ದೆ. ಅದರ ಮೇಲೆ ಭದ್ರತೆ. ಅದರ ಮೇಲೆ ಪ್ರೀತಿ, ನಂಟು. ಅದರ ಮೇಲೆ ಮಾನಮರ್ಯಾದೆ. ತುತ್ತತುದಿಯಲ್ಲಿ ಆತ್ಮಸಾಕ್ಷಾತ್ಕಾರ. 'ನೀವು ನಾಲ್ಕನೇ ಮೆಟ್ಟಿಲಲ್ಲಿ ಸಿಕ್ಕಿಕೊಂಡಿದ್ದೀರಿ ಸಾರ್, ನಿಮ್ಮ ಕಂಫರ್ಟ್ ಝೋನ್ ಬಿಟ್ಟು ಹೊರಗೆ ಬನ್ನಿ' ಎಂದ. ಏಸಿಯನ್ನು 22ಕ್ಕೆ ಇಳಿಸಿ ಹೇಳಿದ.

ಸಾಫ್ಟ್‌ವೇರಿನವರಿಗೆ ಒಂದು ದುರಭ್ಯಾಸವಿದೆ, ಮೂಲ ದಾಖಲೆ ಹುಡುಕುವುದು. ಅಮೆರಿಕದ ಅಬ್ರಹಾಂ ಮ್ಯಾಸ್ಲೋ ಎಂಬ ಮನಶ್ಶಾಸ್ತ್ರಜ್ಞ 1943ರಲ್ಲಿ ಬರೆದ ಆ ಲೇಖನವನ್ನು ರಾತ್ರಿ ಕೂತು ಓದಿದೆ. ಅದರಲ್ಲಿ ಪಿರಮಿಡ್ಡೇ ಇಲ್ಲ! ಆ ಚಿತ್ರವನ್ನು ಆಮೇಲಿನ ಮ್ಯಾನೇಜ್‌ಮೆಂಟ್ ಪಂಡಿತರು ಕಟ್ಟಿದ್ದು. ಇನ್ನೊಂದು ವಿಷಯವೆಂದರೆ, ಮ್ಯಾಸ್ಲೋ 1970ರಲ್ಲಿ ತೀರಿಕೊಂಡ. ಅದಕ್ಕೆ ಕೊಂಚ ಮುಂಚಿನ ವರ್ಷಗಳಲ್ಲಿ, ತುದಿ ಎಂದು ತಾನು ಹೇಳಿದ್ದರ ಆಚೆಗೂ ಒಂದಿದೆ, ಅದು ತನ್ನನ್ನೇ ಮೀರುವುದು ಎಂದು ಬರೆಯತೊಡಗಿದ್ದ. ಕೋಚಿನ ಬೋರ್ಡಿನಲ್ಲಿ ಅದಕ್ಕೆ ಜಾಗ ಸಾಲದೆ ಬಂದಿರಬೇಕು. ಕೇಳಿದ್ದಕ್ಕೆ 'ಅದು ಅಡ್ವಾನ್ಸ್‌ಡ್ ಪ್ಯಾಕೇಜಿನಲ್ಲಿ ಬರುತ್ತೆ ಸಾರ್' ಎಂದ. ನನಗೆ ಸಿಟ್ಟು ಬರಲಿಲ್ಲ. ಆತನಿಗೂ ಮನೆಸಾಲ ಇದೆಯಂತೆ, ಆತ ಇನ್ನೂ ಎರಡನೇ ಮೆಟ್ಟಿಲಲ್ಲಿದ್ದಾನೆ.

'ನೀವು ಯಾವತ್ತಾದರೂ ಏನನ್ನಾದರೂ ಹತ್ತಿದ್ದೀರಾ?' ಎಂದು ಆತ ಕೊನೆಯಲ್ಲಿ ಕೇಳಿದ. ಅವನ ಮನಸ್ಸಿನಲ್ಲಿದ್ದದ್ದು ಎವರೆಸ್ಟಿನ ಬೇಸ್ ಕ್ಯಾಂಪ್. ನನಗೆ ನೆನಪಾದದ್ದು ನೀನು.

ಹಾಗೆ ಕಳೆದ ತಿಂಗಳು ನಿನ್ನಲ್ಲಿಗೆ ಬಂದೆ. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್ ದಾಟಿ ಹಿರೀಸಾವೆಯಲ್ಲಿ ತಿರುಗಿದರೆ ನಿನ್ನ ಊರು. ಹುಡುಗನಾಗಿದ್ದಾಗ ಸ್ಕೂಲಿನವರು ವರ್ಷ ಬಿಟ್ಟು ವರ್ಷ ಕರಕೊಂಡು ಬರುತ್ತಿದ್ದರು. ಆಗ ಬರಿಗಾಲಲ್ಲಿ ಓಡಿ ಹತ್ತಿ, ಮೇಲೆ ಹೋಗಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದೆವು. ಈ ಸಲ ನನ್ನ ಜೊತೆ ಬಂದಿದ್ದ ಸಾಮಾನಿನ ಪಟ್ಟಿ ಕೇಳು. ಎದೆಬಡಿತ ಅಳೆಯುವ ಗಡಿಯಾರ. ಬೆವರು ಹೀರುವ ಬನಿಯನ್. ಒಂದು ಲೀಟರಿನ ಸ್ಟೀಲ್ ಬಾಟಲಿ. ಈ ಬಾಟಲಿಯ ಬಗ್ಗೆ ನಿನಗೆ ಹೇಳಲೇಬೇಕು, ಪಾತ್ರೆಯ ವಿಷಯದಲ್ಲಿ ನೀನು ಅನುಭವಸ್ಥೆ. ಇದರ ಮುಚ್ಚಳದಲ್ಲಿ ಒಂದು ದೀಪವಿದೆ. ಗಂಟೆಗೊಮ್ಮೆ ಮಿನುಗಿ, ನೀನು ಬಾಯಾರಿದ್ದೀಯ ಎಂದು ನನಗೆ ತಿಳಿಸುತ್ತದೆ. ನಾನು ಎಷ್ಟು ಕುಡಿದೆ ಎಂಬುದನ್ನು ಫೋನಿಗೆ ವರದಿ ಮಾಡುತ್ತದೆ. ಬೆಲೆ ಮೂರು ಸಾವಿರ ರೂಪಾಯಿ. ನಿನ್ನ ಗುಳ್ಳಕಾಯಿಯಲ್ಲಿ ಎಷ್ಟು ಹಾಲು ಹಿಡಿಯುತ್ತಿತ್ತು ಅಜ್ಜಿ? ಅರ್ಧ ಪಾವು?

ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಡಬೇಕು. ಬಂಡೆ ಕಾದಿರುತ್ತದೆ ಎಂದು ಅಲ್ಲೇ ಕಾಲುಚೀಲ ಮಾರುತ್ತಾರೆ. ಕಂಫರ್ಟ್ ಝೋನ್ ಬಿಡಲಿಕ್ಕೆಂದು 145 ಕಿಲೋಮೀಟರ್ ಏಸಿ ಕಾರಿನಲ್ಲಿ ಬಂದವನು ಮೊದಲು ಮಾಡಿದ ಕೆಲಸ ಒಂದು ಜೊತೆ ಕಾಲುಚೀಲ ಕೊಂಡದ್ದು. ಡೋಲಿಯವರು ಬಂದು ಕೇಳಿದರು, 'ಸಾರ್, ಡೋಲಿ ಬೇಕಾ?' ನಾನು ಹುತಾತ್ಮನಂತೆ ತಲೆಯಾಡಿಸಿ ಬೇಡವೆಂದೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬಯಲಿನಿಂದ ಸುಮಾರು 470 ಅಡಿ. ಅರ್ಧದಲ್ಲಿ ನಾನು ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಾಗ ಅದೇ ಡೋಲಿಯವರು ಬೆತ್ತದ ಕುರ್ಚಿಯಲ್ಲಿ ಒಬ್ಬ ದಪ್ಪ ಯಜಮಾನರನ್ನು ಹೊತ್ತು, ಕ್ರಿಕೆಟ್ ಮಾತಾಡಿಕೊಳ್ಳುತ್ತಾ ನನ್ನನ್ನು ದಾಟಿ ಹೋದರು. ಅದು ಅವರ ಆ ದಿನದ ಮೂರನೇ ಬಾರಿಯಂತೆ. ಅವರ ಕೈಯಲ್ಲಿ ಗಡಿಯಾರವಿರಲಿಲ್ಲ. ನನ್ನದು ಮಾತ್ರ ಮೇಲೆ ಮುಟ್ಟಿದ ಕೂಡಲೇ ಕೈ ನಡುಗಿಸಿ ಅಭಿನಂದನೆ ಹೇಳಿತು. ನಲವತ್ತು ಚಿಲ್ಲರೆ ಮಹಡಿ ಹತ್ತಿದ್ದೀರಿ, ಪದಕ ನಿಮ್ಮದು.

ದಾರಿಯಲ್ಲಿ ತ್ಯಾಗದ ಕಂಬದ ಹತ್ತಿರ ಸ್ವಲ್ಪ ಹೊತ್ತು ಕೂತೆ. ಚಾವುಂಡರಾಯ ದಾನ ಕೊಡುತ್ತಿದ್ದ ಜಾಗವಂತೆ. ಕಂಬದ ಬುಡಕ್ಕೂ ನೆಲಕ್ಕೂ ನಡುವೆ ಒಂದು ಬಟ್ಟೆ ತೂರಿಸಿ ಎಳೆಯಬಹುದಿತ್ತು ಎಂದು ಹೇಳುತ್ತಾರೆ, ಅಷ್ಟು ಸೂಕ್ಷ್ಮ ಕೆಲಸ. ಕೂತಲ್ಲಿ ನನಗೆ ಚಾವುಂಡರಾಯನ ಮೇಲೆ ಪ್ರೀತಿ ಉಕ್ಕಿತು. ಬೇಜಾರು ಮಾಡಿಕೊಳ್ಳಬೇಡ, ನಿನ್ನ ಕಥೆಯಲ್ಲಿ ಅವನು ಪೆಟ್ಟು ತಿನ್ನುವವನು, ಗೊತ್ತು. ಆದರೆ ಅವನ ಬಯೋಡೇಟಾ ನೋಡು. ಗಂಗರ ಮಾರಸಿಂಹನಿಗೂ ರಾಚಮಲ್ಲನಿಗೂ ಮಂತ್ರಿ, ದಂಡನಾಯಕ. ಸಮರ ಪರಶುರಾಮ, ವೀರಮಾರ್ತಾಂಡ, ಹೀಗೆ ಬಿರುದಿನ ಮೇಲೆ ಬಿರುದು. ರನ್ನನಂಥ ಕವಿಗೆ ಆಶ್ರಯ ಕೊಟ್ಟವನು. 978ರಲ್ಲಿ ಸ್ವತಃ ಕೂತು ಕನ್ನಡ ಗದ್ಯದಲ್ಲಿ ಅರವತ್ತಮೂರು ಮಹಾಪುರುಷರ ಪುರಾಣ ಬರೆದವನು. ಇಷ್ಟೆಲ್ಲ ಆದ ಮೇಲೂ ಅವನಿಗೆ ಸಾಕೆನಿಸಲಿಲ್ಲ. ಇವತ್ತಿದ್ದಿದ್ದರೆ ನಮ್ಮ ಕೋಚು ಅವನನ್ನು ನಾಲ್ಕನೇ ಮೆಟ್ಟಿಲಲ್ಲಿ ಕೂರಿಸಿ ಬಿಲ್ಲು ಕೊಡುತ್ತಿದ್ದ.

ಅವನ ತಾಯಿ ಕಾಳಲಾದೇವಿಗೆ ಪೌದನಪುರದ ಬಾಹುಬಲಿಯನ್ನು ನೋಡುವ ಆಸೆ. ಕರೆದುಕೊಂಡು ಹೊರಟವನು ಇಲ್ಲಿ ತಂಗಿದಾಗ ಕನಸಾಯಿತು, ಚಿಕ್ಕಬೆಟ್ಟದಿಂದ ಬಾಣ ಬಿಟ್ಟ, ಅದು ಎದುರಿನ ದೊಡ್ಡಬೆಟ್ಟದ ಬಂಡೆಗೆ ತಾಗಿತು ಎಂದು ಐತಿಹ್ಯ. 981ರ ಹೊತ್ತಿಗೆ ಅದೇ ಬೆಟ್ಟದ ನೆತ್ತಿಯಲ್ಲಿ 58 ಅಡಿಯ ಗೊಮ್ಮಟ ನಿಂತ. ಕೆಲಸ ಮಾಡಿದ ಶಿಲ್ಪಿಗೆ ಅವನು ಕೆತ್ತಿ ಉದುರಿಸಿದ ಕಲ್ಲಿನ ಚೂರಿನಷ್ಟೇ ತೂಕದ ಚಿನ್ನ ಕೊಟ್ಟನಂತೆ. ಚಿನ್ನ ಮುಟ್ಟಿದ ಕೈ ಅಲ್ಲೇ ಅಂಟಿಕೊಂಡು, ಕೊನೆಗೆ ಶಿಲ್ಪಿಯ ತಾಯಿ ಗದರಿದ ಮೇಲೆ ಬಿಡುಗಡೆಯಾಯಿತಂತೆ. ಶ್ವೇತಾಂಬರರ ಕಥೆಯಲ್ಲಂತೂ ವರ್ಷವಿಡೀ ನಿಂತರೂ ಜ್ಞಾನವಾಗದ ಬಾಹುಬಲಿಯ ಹತ್ತಿರ ತಂಗಿಯರಾದ ಬ್ರಾಹ್ಮಿ, ಸುಂದರಿ ಬಂದು, ಮೊದಲು ಆನೆಯಿಂದ ಇಳಿ ಅಣ್ಣ ಅನ್ನುತ್ತಾರೆ. ಆನೆ ಎಲ್ಲಿತ್ತು? ತಲೆಯೊಳಗೆ. ಗಂಡಸರು ಏರಿ ಕೂತಾಗಲೆಲ್ಲ ಯಾರೋ ಒಬ್ಬ ಹೆಂಗಸು ಬಂದು ಇಳಿಸಬೇಕಾಗುತ್ತದೆ. ನಮ್ಮ ಮನೆಯಲ್ಲಿ ಆ ಖಾತೆ ಹೆಂಡತಿಯ ಹತ್ತಿರವಿದೆ, ನೀನು ನೋಡಿದ್ದೀಯ.

ಮೂರ್ತಿ ಮುಗಿಯಿತು, ಅಭಿಷೇಕದ ದಿನ ಬಂತು. ಕೊಡಗಟ್ಟಲೆ ಹಾಲು. ನೆತ್ತಿಯಿಂದ ಸುರಿದರು. ಹಾಲು ಸೊಂಟದವರೆಗೆ ಬಂದು ನಿಂತುಬಿಟ್ಟಿತು. ತೊಡೆಯವರೆಗೆ ಬಂತು ಅನ್ನುವವರೂ ಇದ್ದಾರೆ, ಬಿಡು, ಪಾದಕ್ಕೆ ಬರಲಿಲ್ಲ ಎಂಬಲ್ಲಿ ಎಲ್ಲರೂ ಒಪ್ಪುತ್ತಾರೆ. ಇನ್ನಷ್ಟು ಸುರಿದರು, ಇಲ್ಲ. ಅಷ್ಟು ಹೊತ್ತಿಗೆ ನೀನು ಬಂದೆ. ಬಡ ಮುದುಕಿ. ಕೈಯಲ್ಲಿ ಗುಳ್ಳಕಾಯಿಯ ಚಿಪ್ಪು, ಅದರಲ್ಲಿ ಒಂದು ಗುಟುಕು ಹಾಲು. ನಿನ್ನನ್ನು ನೋಡಿ ಎಷ್ಟು ಜನ ನಕ್ಕರು, ಎಷ್ಟು ಜನ ತಡೆದರು, ಅದನ್ನೆಲ್ಲ ಹರಿಕಥೆಯವರಿಗೆ ಬಿಟ್ಟಿದ್ದೇನೆ. ನೀನು ಹೊಯ್ದ ಹಾಲು ನೆತ್ತಿಯಿಂದ ಇಳಿದು ಪಾದ ತೊಳೆದು ಬೆಟ್ಟದ ಕೆಳಗೂ ಹರಿಯಿತು.

ಈಗ ನನ್ನ ಕೆಲವು ಪ್ರಶ್ನೆಗಳಿವೆ. ಆಫೀಸಿನಲ್ಲಿ ಸಂದರ್ಶನ ಮಾಡಿ ಮಾಡಿ ಬಂದ ಅಭ್ಯಾಸ, ಕ್ಷಮಿಸು. ಆ ದಿನ ಬೆಳಿಗ್ಗೆ ನೀನು ಎಷ್ಟು ಗಂಟೆಗೆ ಎದ್ದೆ? ಎದ್ದದ್ದನ್ನು ಯಾರಿಗೆ ತಿಳಿಸಿದೆ? ಬೆಟ್ಟ ಹತ್ತುವ ಮುಂಚೆ ನಿನ್ನ ಗುರಿಯನ್ನು ಬರೆದಿಟ್ಟುಕೊಂಡಿದ್ದೆಯಾ? ಕೊಡಗಟ್ಟಲೆ ಹಾಲಿನವರು ಸೋತ ಕಡೆ ಒಂದು ಚಿಪ್ಪಿನವಳು ಗೆಲ್ಲುತ್ತೇನೆಂಬ ಆತ್ಮವಿಶ್ವಾಸ ಎಲ್ಲಿಂದ ಬಂತು, ಅದಕ್ಕೆ ಏನಾದರೂ ಕೋರ್ಸ್ ಇದೆಯಾ? ಐದು ವರ್ಷದ ನಂತರ ನಿನ್ನನ್ನು ನೀನು ಎಲ್ಲಿ ಕಾಣುತ್ತಿದ್ದೆ? ಇದಕ್ಕೆ ಉತ್ತರ ನನಗೇ ಗೊತ್ತಿದೆ: ಅಲ್ಲೇ. ಸಾವಿರ ವರ್ಷದಿಂದ ಅದೇ ಮಂಟಪ, ಅದೇ ಹುದ್ದೆ, ಅದೇ ಪಾತ್ರೆ. ನಮ್ಮ ಕಂಪನಿಯಾಗಿದ್ದರೆ 'ಬೆಳವಣಿಗೆ ಇಲ್ಲ' ಎಂದು ಮೂರನೇ ವರ್ಷಕ್ಕೇ ನಿನಗೊಂದು ಪತ್ರ ಬರುತ್ತಿತ್ತು.

ನನ್ನ ಅನುಮಾನ ಹೇಳಲಾ? ನಿನಗೆ ಬೆಳೆಯಬೇಕಾಗಿರಲಿಲ್ಲ. ನಿನಗೆ ಬೇಕಾಗಿದ್ದದ್ದು ಹಾಲು ಅವನ ಪಾದಕ್ಕೆ ಮುಟ್ಟುವುದು. ನಾಲ್ಕೂವರೆಯ ನಿದ್ದೆಗೇಡು, ಮಂಜಿನ ತೊಟ್ಟಿ, ಹತ್ತು ದಿನದ ಮೌನ, ಮೂರನ್ನೂ ನಾನು ನನ್ನ ನೆತ್ತಿಯ ಮೇಲೇ ಹೊಯ್ದುಕೊಂಡಿದ್ದೆ. ಇಳಿದು ಹೋಗಿ ತಲುಪಬೇಕಾದ ಪಾದ ಯಾವುದೂ ಇರಲಿಲ್ಲ. ಹಾಗಾಗಿ ಸೊಂಟದಲ್ಲಿ ನಿಂತಿದೆ. ಅಲ್ಲಿ ಅದು ಬೊಜ್ಜಿನ ರೂಪದಲ್ಲಿ ಕಾಣುತ್ತದೆ.

ನಿನ್ನ ಮೇಲೆ ನನಗೊಂದು ತಕರಾರೂ ಇದೆ. ನಿನ್ನ ಮೇಲಲ್ಲ, ನಿನ್ನ ಕಥೆ ಹೇಳುವವರ ಮೇಲೆ. ಕಥೆಯ ಕೊನೆಯಲ್ಲಿ ನೀನು ಮುದುಕಿಯೇ ಅಲ್ಲ, ಚಾವುಂಡರಾಯನ ಗರ್ವ ಇಳಿಸಲು ವೇಷ ಹಾಕಿ ಬಂದ ಯಕ್ಷಿ ಕೂಷ್ಮಾಂಡಿನಿ ಎಂದು ಹೇಳಿಬಿಡುತ್ತಾರೆ. ಚಿಕ್ಕವನಿದ್ದಾಗ ಈ ತಿರುವು ಕೇಳಿ ಮೈ ಜುಮ್ಮೆನ್ನುತ್ತಿತ್ತು. ಈಗ ಅನಿಸುವುದೇ ಬೇರೆ. ಎರಡು ಹೊತ್ತಿನ ಊಟಕ್ಕೆ ಗತಿಯಿಲ್ಲದ ಒಬ್ಬ ಮುದುಕಿ ಸುಮ್ಮನೆ ಬಂದು, ಒಂದು ಗುಟುಕು ಹಾಲು ಹೊಯ್ದು, ಮಂತ್ರಿಗೆ ಆಗದ್ದನ್ನು ಮಾಡಿ ಹೋದಳು ಎಂದರೆ ನಮಗೆ ತಡೆದುಕೊಳ್ಳಲಾಗಲಿಲ್ಲ. ಅವಳನ್ನು ದೇವತೆ ಮಾಡಿದ ಮೇಲೆ ಎಲ್ಲರಿಗೂ ನಿರಾಳ. ದೇವತೆಯ ಜೊತೆ ಯಾರೂ ನಮ್ಮನ್ನು ಹೋಲಿಸುವುದಿಲ್ಲವಲ್ಲ.

ನೀನು ಯಕ್ಷಿ ಅಲ್ಲ ಎಂಬುದಕ್ಕೆ ನನ್ನ ಹತ್ತಿರ ಒಂದು ಸಾಕ್ಷಿ ಇದೆ. ನಮ್ಮ ದೊಡ್ಡಮ್ಮ.

ಬೆಟ್ಟ ಇಳಿದವನು ಆ ರಾತ್ರಿ ಅವಳ ಮನೆಯಲ್ಲೇ ಉಳಿದೆ. ಎರಡು ಸೀಮೆಹಸು ಕಟ್ಟಿದ್ದಾಳೆ. ದೊಡ್ಡಪ್ಪ ಹೋಗಿ ಹದಿನೈದು ವರ್ಷವಾಯಿತು, ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಬೆಳಗಿನ ಜಾವ ನಾಲ್ಕೂವರೆಗೆ ನನ್ನ ಫೋನು ಬಡಿದುಕೊಂಡಿತು. ಕಣ್ಣು ಬಿಟ್ಟರೆ ಕೊಟ್ಟಿಗೆಯಲ್ಲಿ ದೀಪ ಉರಿಯುತ್ತಿದೆ. ಸಗಣಿ ಬಾಚಿ, ಬೂಸಾ ಕಲಸಿಟ್ಟು, ಕೆಚ್ಚಲು ತೊಳೆಯುತ್ತಿದ್ದಾಳೆ. ನಾನು 'ಎದ್ದೆ' ಎಂದು ಗ್ರೂಪಿಗೆ ಹಾಕಲು ಹೋದವನು ಫೋನನ್ನು ಹಾಗೇ ಮಗುಚಿಟ್ಟೆ.

ಕೊಟ್ಟಿಗೆಯ ಬಾಗಿಲಲ್ಲಿ ಕೂತು, ಬಹಳ ದಿನದಿಂದ ಯಾರನ್ನಾದರೂ ಕೇಳಬೇಕೆಂದಿದ್ದ ಪ್ರಶ್ನೆ ಕೇಳಿಯೇಬಿಟ್ಟೆ. 'ದೊಡ್ಡಮ್ಮ, ನಿನ್ನ ಜೀವನದ ಉದ್ದೇಶ ಏನು?'

'ಅದ್ಯಾವ್ ಉದ್ದೇಸವೋ ಕಾಣೆ ಕಣ್ ಮಗ, ಏಳಕ್ಕೆ ಡೈರಿ ಬಾಗ್ಲಾಕ್ಬುಡ್ತಾರೆ, ಈಚೆ ಸರಿ.'

ಇಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರಕ್ಕೂ ನನ್ನ ಪೋಸ್ಟಿಗೂ ವ್ಯತ್ಯಾಸ ಇರುತ್ತಿರಲಿಲ್ಲ. 'ಹಳ್ಳಿಯ ಮುಗ್ಧೆ ಕಲಿಸಿದ ಪಾಠ', ಹಸುವಿನ ಜೊತೆ ಒಂದು ಫೋಟೊ, ಎಂಟುನೂರು ಲೈಕು. ಆದರೆ ನಾನು ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಟ್ಟೆ ಅಜ್ಜಿ. 'ಹೋಗಲಿ, ನಿನಗೇನಾದರೂ ಆಸೆ ಇದೆಯಾ?' ಅವಳು ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಬಕೆಟ್ಟಿಗೆ ಬೀಳುವ ಹಾಲಿನ ಸದ್ದೊಂದೇ ಇತ್ತು.

'ಒಂದಿನ ಬಿಸ್ಲು ಬರಗಂಟ ಮಲಿಕಬೇಕು.'

ಮೂವತ್ತು ವರ್ಷದಿಂದ ಅವಳು ಮಲಗಿಲ್ಲ. ಹಸುವಿಗೆ ಭಾನುವಾರವಿಲ್ಲ, ಯುಗಾದಿಯಿಲ್ಲ. ದೊಡ್ಡಪ್ಪ ಸತ್ತ ದಿನವೂ ಪಕ್ಕದ ಮನೆಯವರು ಬಂದು ಕರೆದು ಡೈರಿಗೆ ಹಾಕಿದರು. ನಾನು ಆರು ಸಾವಿರ ಕೊಟ್ಟು ಕೊಂಡ ಸಂಕಟವನ್ನು ಅವಳು ಬಿಟ್ಟಿ ಕೊಡುತ್ತೇನೆಂದರೂ ತೆಗೆದುಕೊಳ್ಳುವವರಿಲ್ಲ. ಮಂಡಿ ಸವೆದಿದೆ, ಹಾಸನದಲ್ಲಿ ತೋರಿಸಿದ್ದಕ್ಕೆ ಕೆಳಗೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಹಾಲು ಕರೆಯುವುದು ಹೇಗೆ ಎಂದು ಅವರು ಹೇಳಲಿಲ್ಲ. ಕಂಫರ್ಟ್ ಝೋನಿನಿಂದ ಹೊರಗೆ ಬಾ ಎಂದು ಈ ಹೆಂಗಸಿಗೆ ಹೇಳುವ ಧೈರ್ಯ ಯಾವ ಕೋಚಿಗಿದೆ? ಅವಳಿನ್ನೂ ಒಳಕ್ಕೇ ಹೋಗಿಲ್ಲ. ಬಾಗಿಲ ಹತ್ತಿರ ಒಂದು ಮಣೆ ಹಾಕಿಕೊಟ್ಟರೆ ಸಾಕು ಎಂದು ಕಾಯುತ್ತಿದ್ದಾಳೆ.

ಅವಳ ತೃಪ್ತಿಯ ಬಗ್ಗೆ ಬೆಂಗಳೂರಿನಲ್ಲಿ ಕೂತು ಬರೆಯುವವರನ್ನು ನಂಬಬೇಡ. ನಾನೂ ಅವರಲ್ಲೊಬ್ಬನಾಗಿದ್ದೆ. ಅವಳು ತೃಪ್ತಳಲ್ಲ, ಅವಳಿಗೆ ಪುರುಸೊತ್ತಿಲ್ಲ. ಇವೆರಡೂ ದೂರದಿಂದ ಒಂದೇ ಥರ ಕಾಣುತ್ತವೆ.

ಆರೂವರೆಗೆ ಕ್ಯಾನು ಹಿಡಿದು ಡೈರಿಗೆ ಹೋದೆವು. ನಾನು ಹೊರುತ್ತೇನೆಂದೆ, ಅವಳು ಬಿಡಲಿಲ್ಲ, ಚೆಲ್ಲುತ್ತೀಯ ಎಂದಳು. ಸಾಲಿನಲ್ಲಿ ಹೆಚ್ಚಿನವರು ಹೆಂಗಸರೇ. ಡೈರಿಯವನು ಒಂದಿಷ್ಟು ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿದ, ಫ್ಯಾಟು ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಚೀಟಿ ಬಂತು. ದೊಡ್ಡಮ್ಮ ಕನ್ನಡಕವಿಲ್ಲದ ಕಣ್ಣಿನಿಂದ ಅದನ್ನು ದೂರ ಹಿಡಿದು ಓದಿ, 'ನೆನ್ನೆಗಿಂತ ಒಂದ್ ಪಾಯಿಂಟ್ ಜಾಸ್ತಿ' ಎಂದು ಪಕ್ಕದವಳಿಗೆ ತೋರಿಸಿದಳು. ಆ ಮುಖವನ್ನು ನೀನು ನೋಡಬೇಕಿತ್ತು. ನನ್ನ ಗಡಿಯಾರ ನನಗೆ ಕೊಟ್ಟ ಯಾವ ಪದಕಕ್ಕೂ ನನ್ನ ಮುಖ ಹಾಗಾಗಿಲ್ಲ. ಬಟವಾಡೆಯಲ್ಲಿ ಆ ಒಂದು ಪಾಯಿಂಟಿಗೆ ಎಷ್ಟು ಕಾಸು ಹೆಚ್ಚು ಬರುತ್ತದೆ ಎಂಬುದು ಅವಳ ನಾಲಿಗೆಯ ತುದಿಯಲ್ಲಿತ್ತು. ಸರ್ಕಾರದ ಲೀಟರಿಗೆ ಐದು ರೂಪಾಯಿಯ ಪ್ರೋತ್ಸಾಹಧನ ಎಷ್ಟು ತಿಂಗಳಿಂದ ಬಂದಿಲ್ಲ ಎಂಬುದೂ.

ವಾಪಸು ಬರುವಾಗ ದಾರಿಯ ಬದಿಯ ಒಂದು ಹೊಲ ತೋರಿಸಿ, ಅದು ಬೆಂಗಳೂರಿನ ಯಾರೋ ಕೊಂಡುಕೊಂಡರು ಎಂದಳು. ಸುತ್ತ ತಂತಿ, ಕಬ್ಬಿಣದ ಗೇಟು, ಒಳಗೆ ಸಾಲಾಗಿ ಮಾವಿನ ಗಿಡ. ಬೇಸಾಯಗಾರರಲ್ಲದವರು ಹೊಲ ಕೊಳ್ಳಬಾರದೆಂದು ಇದ್ದ ಕಾನೂನಿನ ತೊಡಕನ್ನು 2020ರಲ್ಲಿ ತೆಗೆದರಲ್ಲ, ಅಂದಿನಿಂದ ನಮ್ಮಂಥವರ ವೈರಾಗ್ಯಕ್ಕೆ ಪಹಣಿ ಸಿಗತೊಡಗಿದೆ. ನನ್ನ ಸಹೋದ್ಯೋಗಿಯೊಬ್ಬನ ಹತ್ತಿರ ಇಂಥ ಕಾಲು ಎಕರೆ ಇದೆ. ಗಿಡ ನೆಡುವವರು, ನೀರು ಬಿಡುವವರು, ಕಾಯುವವರು ಎಲ್ಲ ಬೇರೆಯವರು. ತಿಂಗಳಿಗೊಮ್ಮೆ ಗಿಡದ ಫೋಟೊ ಅವನ ಫೋನಿಗೆ ಬರುತ್ತದೆ, ಅವನು ಹೃದಯದ ಚಿತ್ರ ಒತ್ತುತ್ತಾನೆ. ಹೊಲ ಮಾರಿದವನ ಮಗ ಆ ದುಡ್ಡಲ್ಲಿ ಕಾರು ತೆಗೆದು ಬೆಂಗಳೂರಿಗೆ ಹೋದ. ನೆಮ್ಮದಿ ಹುಡುಕಿಕೊಂಡು ಅವನು ಪೂರ್ವಕ್ಕೆ, ಅರ್ಥ ಹುಡುಕಿಕೊಂಡು ನಾವು ಪಶ್ಚಿಮಕ್ಕೆ. ಶುಕ್ರವಾರ ರಾತ್ರಿ ನೆಲಮಂಗಲದ ಟೋಲಿನಲ್ಲಿ ಇಬ್ಬರೂ ಎದುರಾಗಿ, ಒಬ್ಬರಿಗೊಬ್ಬರು ಹಾರನ್ ಹೊಡೆದುಕೊಳ್ಳುತ್ತೇವೆ.

ದೊಡ್ಡಮ್ಮನಿಗೆ ನಾನು ಏನು ಮಾಡಿದೆ ಎಂದು ನೀನು ಕೇಳುತ್ತೀಯ. ಕೇಳಬೇಡ ಎಂದೇ ಇಷ್ಟು ಉದ್ದ ಬರೆದದ್ದು. ಒಂದು ಬೆಳಿಗ್ಗೆ ನಾನೇ ಹಾಲು ಕರೆಯುತ್ತೇನೆ, ನೀನು ಮಲಗು ಎಂದೆ. ಹಸು ಒದೆಯಿತು. ಹಾಲು ಕರೆಯುವ ಯಂತ್ರ ಕೊಡಿಸುತ್ತೇನೆಂದೆ, ಎರಡು ಹಸುವಿಗೆ ಯಾಕೆ ದಂಡ ಎಂದಳು. ಕೊನೆಗೆ ನಮ್ಮೂರಿನ ಒಬ್ಬ ಹುಡುಗನನ್ನು ಬೆಳಗಿನ ಕರೆತಕ್ಕೆ ಗೊತ್ತು ಮಾಡಿ, ತಿಂಗಳ ಸಂಬಳ ನಾನು ಕಳಿಸುವುದೆಂದು ಆಯಿತು. ಇದಕ್ಕೆ ನನ್ನಿಂದ ಬೇಕಾದದ್ದು ಅರ್ಧ ಗಂಟೆ, ಮತ್ತು ನಾಲ್ಕೂವರೆಯ ಬಳಗದ ಚಂದಾ ನಿಲ್ಲಿಸಿದ್ದು. ಇದನ್ನು ಹತ್ತು ವರ್ಷದ ಹಿಂದೆಯೂ ಮಾಡಬಹುದಾಗಿತ್ತು. ಆಗ ನಾನು ನನ್ನ ಬದುಕಿನ ಅರ್ಥ ಹುಡುಕುವುದರಲ್ಲಿದ್ದೆ, ಪುರುಸೊತ್ತಿರಲಿಲ್ಲ.

ಹುಡುಗ ಬರತೊಡಗಿದ ಮೇಲೆ ನಿನ್ನೆ ಫೋನು ಮಾಡಿದ್ದೆ. 'ಬಿಸ್ಲು ಬರಗಂಟ ಮಲಗಿದ್ಯಾ?' ಎಂದು ಕೇಳಿದೆ. ಅಭ್ಯಾಸಬಲ, ನಾಲ್ಕೂವರೆಗೇ ಎಚ್ಚರವಾಯಿತಂತೆ. ಎದ್ದು ಹೋಗಿ ಹುಡುಗ ಸರಿಯಾಗಿ ಕರೆಯುತ್ತಾನೋ ಇಲ್ಲವೋ ಎಂದು ನೋಡುತ್ತಾ ನಿಂತಿದ್ದಳಂತೆ. ನಿಂತಿದ್ದಳು, ಕೂತಿರಲಿಲ್ಲ. ಮಂಡಿಗೆ ಅಷ್ಟಾದರೂ ಆಯಿತು.

ಮುಂದಿನ ಮಹಾಮಸ್ತಕಾಭಿಷೇಕ 2030ಕ್ಕೆ. ಹಿಂದಿನದು 2018ರಲ್ಲಿ ಆದಾಗ ನಾನು ಟೀವಿಯಲ್ಲಿ ನೋಡಿದ್ದೆ. ಅಟ್ಟಣಿಗೆ ಕಟ್ಟಿ, 1008 ಕಳಶ ಹೊತ್ತು ತಂದು ಹಾಲು, ಅರಿಶಿನ, ಚಂದನ ಸುರಿಯುತ್ತಾರೆ. ಮೊದಲ ಕಳಶದ ಹರಾಜು ಕೋಟಿಗಳ ಲೆಕ್ಕದಲ್ಲಿ ಹೋಗುತ್ತದೆ. ಕೋಚನ್ನು ಕೇಳಿದರೆ 2030ರ ಗುರಿಪಟ್ಟಿಯಲ್ಲಿ ಒಂದು ಕಳಶ ಬರೆದುಕೊಳ್ಳಿ ಸಾರ್ ಎನ್ನುತ್ತಾನೆ. ನಾನು ಬರೆದುಕೊಂಡಿಲ್ಲ. ದೊಡ್ಡಮ್ಮ ಇದ್ದರೆ, ಅವಳ ಮಂಡಿ ಒಪ್ಪದಿದ್ದರೆ ಡೋಲಿಯಲ್ಲಿ ಕೂರಿಸಿ ಕರೆತರುವುದೆಂದಷ್ಟೇ ಇದೆ. ಅವಳು ಬರುವಾಗ ಬರಿಗೈಯಲ್ಲಿ ಬರುವವಳಲ್ಲ. ಬಾಗಿಲಲ್ಲಿ ಕಾಯುವವರು ಪಾಸು ಕೇಳಿದರೆ ನೀನು ಒಂದು ಮಾತು ಹೇಳು.

ಇಂತಿ,
ಸೊಂಟದವರೆಗೆ ಮಾತ್ರ ನೆನೆದಿರುವ ನಿನ್ನವನೊಬ್ಬ

ವಿ.ಸೂ.: ನಿನ್ನ ಮಂಟಪದ ಕಟ್ಟೆಯ ಮೇಲೆ ಒಂದು ಸ್ಟೀಲ್ ಬಾಟಲಿ ಮರೆತು ಬಂದಿದ್ದೇನೆ. ಬಾಟಲಿ ಕಾಣೆಯಾಗಿದೆ ಎಂದು ಫೋನು ಮೂರು ದಿನ ಅತ್ತು ಸುಮ್ಮನಾಯಿತು. ಅದರ ದೀಪವೂ ಇಷ್ಟು ಹೊತ್ತಿಗೆ ಆರಿರುತ್ತದೆ. ಡೋಲಿಯವರಲ್ಲಿ ಯಾರಾದರೂ ಆ ಕಡೆ ಬಂದರೆ ಕೊಟ್ಟುಬಿಡು. ಒಂದು ಲೀಟರ್ ನೀರು ಹಿಡಿಯುತ್ತದೆ. ಮುಚ್ಚಳ ಸ್ವಲ್ಪ ಬಿಗಿ, ಎಡಕ್ಕೆ ತಿರುಗಿಸಬೇಕು.